ತೂಕಡಿಸುವ ಮಗು
(ಕೊಟ್ಟಿಗೆಹಾರದ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ನಮ್ಮೂರ ಮಳೆಗಾಲ ನಿಮಗೆ ಗೊತ್ತೇ ಇದೆ. ಜುಲೈ ತಿಂಗಳಲ್ಲಿ ಹಗಲು ಹತ್ತು ಗಂಟೆಗೂ ಶಾಲೆಯೊಳಗೆ ಮಬ್ಬು. ದೊಡ್ಡವರಿಗೂ ಕಣ್ಣು ಎಳೆಯುತ್ತದೆ. ಮಗು ಒಂದು ದಿನ ತೂಕಡಿಸಿದರೆ ಹೆದರಬೇಕಿಲ್ಲ.

ಆದರೆ ಬಿಸಿಲಿದ್ದರೂ, ಊಟದ ಹೊತ್ತಲ್ಲೂ, ದಿನಾ ತೂಕಡಿಸುವ ಮಗು ಇರುತ್ತದಲ್ಲ? ಜೊತೆಯವರು ಅದಕ್ಕೆ ಕುಂಭಕರ್ಣ ಅಂತಾರೆ. ಮನೆಯಲ್ಲಿ ಮೈಗಳ್ಳ ಅಂತ ಬೈಗುಳ. ಪಾಠ ತಪ್ಪುತ್ತದೆ. ಮಗು ಹಿಂದೆ ಬೀಳುತ್ತದೆ. ಕೊನೆಗೆ, "ಇವನಿಗೆ ಓದು ಹತ್ತಲ್ಲ, ತೋಟದ ಕೆಲಸಕ್ಕೆ ಬರಲಿ" ಅಂತ ಶಾಲೆ ಬಿಡಿಸುವುದೂ ಉಂಟು.

ಬೈಯುವ ಮೊದಲು ನಾವು ಕೆಲವು ಮಾತು ಕೇಳಬೇಕು. ಮಗು ಎಷ್ಟು ಹೊತ್ತಿಗೆ ಮಲಗುತ್ತೆ? ಎಷ್ಟಕ್ಕೆ ಏಳುತ್ತೆ? ರಾತ್ರಿ ನಡುವೆ ಎದ್ದು ಕೂರುತ್ತಾ? ಹಗಲು ಎಲ್ಲೆಲ್ಲಿ ನಿದ್ದೆ ಮಾಡುತ್ತೆ? ಗೊರಕೆ ಹೊಡೆಯುತ್ತಾ? ಡಾಕ್ಟರೂ ಮೊದಲು ಕೇಳೋದು ಇದನ್ನೇ.

6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಅದಕ್ಕಿಂತ ದೊಡ್ಡ ಮಕ್ಕಳಿಗೆ 8ರಿಂದ 10 ಗಂಟೆ. ಈಗ ಲೆಕ್ಕ ಹಾಕಿ. ಲೈನ್ ಮನೆಯಲ್ಲಿ ಇರೋದೇ ಒಂದು ಕೋಣೆ. ರಾತ್ರಿ ಹನ್ನೊಂದರವರೆಗೆ ಟಿ.ವಿ., ಮೊಬೈಲು. ಬೆಳಗ್ಗೆ ಐದಕ್ಕೆ ಅಮ್ಮನ ಜೊತೆಗೇ ಎಚ್ಚರ. ಸಿಕ್ಕಿದ್ದು ಆರೇ ಗಂಟೆ. ಹಿರಿಮಗಳಾದರೆ ರಾತ್ರಿ ಎದ್ದು ತೊಟ್ಟಿಲನ್ನೂ ತೂಗಬೇಕು. ಆ ನಿದ್ದೆಯ ಸಾಲವನ್ನು ಅವಳು ತೀರಿಸೋದು ನಮ್ಮ ತರಗತಿಯಲ್ಲಿ!

ಗೊರಕೆಯ ಮಾತು ಬೇರೆ. ಗೊರಕೆ ಅಂದರೆ ಗಾಢ ನಿದ್ದೆ ಅಂತ ನಾವೆಲ್ಲ ಸಂತೋಷಪಡುತ್ತೇವೆ. ಅದು ಹಾಗಲ್ಲ. ಕೆಲವು ಮಕ್ಕಳಿಗೆ ಟಾನ್ಸಿಲ್, ಇಲ್ಲವೇ ಮೂಗಿನ ಹಿಂದಿನ ಗ್ರಂಥಿ ಊದಿರುತ್ತದೆ. ಉಸಿರಿನ ದಾರಿ ಕಿರಿದಾಗುತ್ತದೆ. ಮಲಗಿದಾಗ ಉಸಿರು ಸ್ವಲ್ಪ ಹೊತ್ತು ನಿಲ್ಲುತ್ತದೆ. ಮಗು ಬೆಚ್ಚಿ ಉಸಿರೆಳೆದುಕೊಳ್ಳುತ್ತದೆ. ರಾತ್ರಿಯಿಡೀ ಹೀಗೇ. ಹತ್ತು ಗಂಟೆ ಮಲಗಿದರೂ ನಿದ್ದೆ ಆಗುವುದಿಲ್ಲ. ಬಾಯಿ ತೆರೆದು ಮಲಗುವುದು, ಹಾಸಿಗೆ ಒದ್ದೆ ಮಾಡುವುದು, ಹಗಲು ಸಿಡಿಮಿಡಿ, ಇವೂ ಅದರ ಗುರುತು ಇರಬಹುದು. ಕೆಲವರಿಗೆ ಔಷಧಿ ಸಾಕು. ಕೆಲವರಿಗೆ ಆಪರೇಷನ್ ಬೇಕಾಗುತ್ತದೆ.

ರಕ್ತ ಕಡಿಮೆಯಿದ್ದರೂ ಮಗು ಸುಸ್ತಾಗಿ ಒರಗುತ್ತದೆ. ಕೊಕ್ಕೆಹುಳು ಬರಿಗಾಲಿನಿಂದ ಮೈ ಸೇರಿ ಕರುಳಿನಲ್ಲಿ ರಕ್ತ ಹೀರುತ್ತದೆ. ತೋಟದ ಹಸಿ ಮಣ್ಣಿನಲ್ಲಿ ಓಡಾಡುವ ಕಾಲಿಗೆ ಚಪ್ಪಲಿ ಇರಲಿ. ಶಾಲೆಯಲ್ಲಿ ಕೊಡುವ ಹುಳುವಿನ ಮಾತ್ರೆ, ಕಬ್ಬಿಣಾಂಶದ ಮಾತ್ರೆ ತಪ್ಪಿಸಬೇಡಿ. ಇನ್ನೊಂದು ಮಾತು. ಕೆಲವು ನೆಗಡಿ-ಕೆಮ್ಮಿನ ಔಷಧಿಗೂ ನಿದ್ದೆ ಬರುತ್ತದೆ. ಅಂಗಡಿಯಿಂದ ನೀವೇ ತಂದು ಕುಡಿಸಬೇಡಿ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾಯಿತು. ಅದರ ಡಾಕ್ಟರ ತಂಡ ಶಾಲೆಗೆ, ಅಂಗನವಾಡಿಗೆ ಬಂದು ಮಕ್ಕಳನ್ನು ನೋಡುತ್ತದೆ. ಆ ದಿನ ನಿದ್ದೆಯ ವಿಷಯವನ್ನೂ ಹೇಳಿ. ಅವರು ಬರುವವರೆಗೆ ಕಾಯಲೇಬೇಕು ಅಂತಿಲ್ಲ. ಆಶಾ ಅಕ್ಕನನ್ನು ಕೇಳಿ, ಇಲ್ಲವೇ ಮೂಡಿಗೆರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಉಸಿರು ನಿಂತು ನಿಂತು ಬರುತ್ತಿದ್ದರೆ ತಡ ಮಾಡಬೇಡಿ.

ಡಾಕ್ಟರ ಮುಂದೆ ಮಗು ಚುರುಕಾಗಿಯೇ ಕೂತಿರುತ್ತದೆ. ಅದಕ್ಕೇ ಹಿಂದಿನ ರಾತ್ರಿ ಮಗುವಿನ ಗೊರಕೆಯನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಹೋಗಿ ಕೇಳಿಸಿ.