ಯುದ್ಧಕಾಲದ ಟಿ.ವಿ. ಮತ್ತು ನೋಡುಗರ ನಂಬಿಕೆ



ಒಂದು ಪಕ್ಷಕ್ಕೆ ಕಟ್ಟುಬಿದ್ದ ಟಿ.ವಿ. ಸುದ್ದಿಯು ಯುದ್ಧದ ಕುರಿತು ನೋಡುಗರ ಅಭಿಪ್ರಾಯವನ್ನು ರೂಪಿಸುತ್ತದೆಯೇ ಎಂಬ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳು ಚಲಾವಣೆಯಲ್ಲಿವೆ. ಟಿ.ವಿ. ಜನರ ತಲೆ ಕೆಡಿಸುತ್ತದೆ ಎನ್ನುವವರು ಕೆಲವರು. ಅಭಿಪ್ರಾಯ ಮೊದಲೇ ಇರುತ್ತದೆ, ಅದಕ್ಕೆ ಒಪ್ಪುವ ವಾಹಿನಿಯನ್ನು ಜನ ಹಾಕಿಕೊಳ್ಳುತ್ತಾರೆ ಎನ್ನುವವರು ಇನ್ನು ಕೆಲವರು. ನಾನು ಹೇಳಬೇಕೆಂದಿರುವುದು ಇಷ್ಟು: ವಾಹಿನಿಯ ಕೈ ಮೊದಲು ಬೀಳುವುದು ಏನು ನಡೆಯಿತು ಎಂಬ ನಮ್ಮ ತಿಳಿವಳಿಕೆಯ ಮೇಲೆ. ಆ ತಿಳಿವಳಿಕೆ ಒಮ್ಮೆ ಮನಸ್ಸಿನಲ್ಲಿ ಕೂತುಬಿಟ್ಟರೆ, ಅದರ ಮೇಲೆ ಅಭಿಪ್ರಾಯವನ್ನು ನೋಡುಗರು ತಾವೇ, ಪ್ರಾಮಾಣಿಕವಾಗಿಯೇ, ಕಟ್ಟಿಕೊಳ್ಳುತ್ತಾರೆ.

2003ರ ಫೆಬ್ರವರಿ 5ರಂದು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ ಇರಾಕಿನ ಸಾಮೂಹಿಕ ವಿನಾಶದ ಅಸ್ತ್ರಗಳ ಬಗ್ಗೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದೆ ಮಾತಾಡಿದರು. ಮಾರ್ಚ್ 20ರಂದು ಯುದ್ಧ ಶುರುವಾಯಿತು. ಅದೇ ವರ್ಷ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಸ್ಟೀವನ್ ಕಲ್ ಮತ್ತು ಸಂಗಡಿಗರು 3,334 ಅಮೆರಿಕನ್ನರನ್ನು ಪ್ರಶ್ನಿಸಿದರು. ಅವರು ಪರೀಕ್ಷಿಸಿದ್ದು ಮೂರು ನಂಬಿಕೆಗಳನ್ನು. ಆ ಅಸ್ತ್ರಗಳು ಇರಾಕಿನಲ್ಲಿ ಸಿಕ್ಕಿವೆ, ಸದ್ದಾಂ ಹುಸೇನ್‌ಗೂ ಅಲ್ ಖೈದಾಕ್ಕೂ ನಿಕಟ ನಂಟಿತ್ತು ಎಂಬುದಕ್ಕೆ ಪುರಾವೆ ದೊರೆತಿದೆ, ಜಗತ್ತಿನ ಬಹುಪಾಲು ಜನ ಈ ಯುದ್ಧದ ಪರ ಇದ್ದಾರೆ. ಮೂರೂ ಸುಳ್ಳು.

ಅಂದಿನ ಅಧ್ಯಕ್ಷ ಬುಷ್ ಅವರ ಪಕ್ಷದತ್ತ ವಾಲಿದ ಫಾಕ್ಸ್ ನ್ಯೂಸನ್ನು ಮುಖ್ಯವಾಗಿ ನೋಡುತ್ತಿದ್ದವರಲ್ಲಿ ಶೇ. 80ರಷ್ಟು ಮಂದಿ ಇವುಗಳಲ್ಲಿ ಒಂದನ್ನಾದರೂ ನಂಬಿದ್ದರು. ಸಾರ್ವಜನಿಕ ಪ್ರಸಾರ ಸಂಸ್ಥೆಗಳಾದ ಪಿಬಿಎಸ್ ಮತ್ತು ಎನ್‌ಪಿಆರ್‌ಗಳನ್ನು ನೆಚ್ಚಿದವರಲ್ಲಿ ಅದು ಶೇ. 23. ಮುಂದಿನ ಅಂಕಿಗಳನ್ನು ದಯವಿಟ್ಟು ಗಮನವಿಟ್ಟು ಕೇಳಿ. ಯಾವ ಸುಳ್ಳನ್ನೂ ನಂಬದವರಲ್ಲಿ ಯುದ್ಧವನ್ನು ಬೆಂಬಲಿಸಿದವರು ಶೇ. 23. ಒಂದನ್ನು ನಂಬಿದವರಲ್ಲಿ ಶೇ. 53, ಎರಡನ್ನು ನಂಬಿದವರಲ್ಲಿ ಶೇ. 78, ಮೂರನ್ನೂ ನಂಬಿದವರಲ್ಲಿ ಶೇ. 86. ಈ ಜನರನ್ನು ಯುದ್ಧದಾಹಿಗಳು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಅಸ್ತ್ರ ಸಿಕ್ಕಿದೆ ಎಂದು ನಿಜವಾಗಿ ನಂಬಿದವರು ಯುದ್ಧ ಸರಿ ಎಂದರೆ ಅದರಲ್ಲಿ ತರ್ಕದೋಷವಿಲ್ಲ.

ಇನ್ನೊಂದು ಮಾತು. ಫಾಕ್ಸ್ ಒಂದನ್ನೇ ದೂರಿ ಕೈತೊಳೆದುಕೊಳ್ಳುವಂತಿಲ್ಲ. ಯಾವ ಪಕ್ಷದ ವಾಹಿನಿಯೆಂದೂ ಹೆಸರಾಗದ ಸಿಬಿಎಸ್‌ನ ನೋಡುಗರಲ್ಲೂ ಶೇ. 71 ಮಂದಿ ತಪ್ಪು ತಿಳಿದಿದ್ದರು. ಯುದ್ಧವಿರೋಧಿಗಳನ್ನು ಮಾತಿಗೆ ಕರೆಯುತ್ತಿದ್ದ ಫಿಲ್ ಡಾನಹ್ಯೂ ಅವರ ಕಾರ್ಯಕ್ರಮವನ್ನು ಎಂಎಸ್‌ಎನ್‌ಬಿಸಿ ಯುದ್ಧಕ್ಕೆ ಕೆಲವೇ ವಾರ ಮೊದಲು ನಿಲ್ಲಿಸಿತು. ಆ ವಾಹಿನಿಯಲ್ಲಿ ಆಗ ಅತಿ ಹೆಚ್ಚು ಜನ ನೋಡುತ್ತಿದ್ದ ಕಾರ್ಯಕ್ರಮ ಅದೇ ಆಗಿತ್ತು. ಯುದ್ಧದ ಮೊದಲ ಮೂರು ವಾರ ಆರು ಸುದ್ದಿ ಕಾರ್ಯಕ್ರಮಗಳಲ್ಲಿ ಕಾಣಿಸಿಕೊಂಡ 1,617 ಜನರನ್ನು ಫೇರ್ ಎಂಬ ಮಾಧ್ಯಮ ನಿಗಾ ಸಂಸ್ಥೆ ಲೆಕ್ಕ ಹಾಕಿತು. ಅವರಲ್ಲಿ ಅಮೆರಿಕನ್ನರನ್ನಷ್ಟೇ ತೆಗೆದುಕೊಂಡರೆ ಯುದ್ಧವನ್ನು ವಿರೋಧಿಸಿದವರು ಶೇ. 3 ಮಾತ್ರ. ದೇಶದಲ್ಲಿ ಆಗ ಸುಮಾರು ಕಾಲುಭಾಗ ಜನ ಯುದ್ಧದ ವಿರುದ್ಧ ಇದ್ದರು. ತಮ್ಮಂತೆ ಯೋಚಿಸುವವರು ಬೇರೆ ಯಾರೂ ಇಲ್ಲವೇನೋ ಎಂದು ಆ ಕಾಲುಭಾಗಕ್ಕೆ ಅನ್ನಿಸಿದ್ದರೆ ಆಶ್ಚರ್ಯವೇನು?

ಜನ ತಮಗೆ ಬೇಕಾದ್ದನ್ನೇ ಹಾಕಿಕೊಳ್ಳುತ್ತಾರೆ ಎಂಬ ಆಕ್ಷೇಪಕ್ಕೆ ಬರುತ್ತೇನೆ. ಇದು ಹಗುರವಾದ ಆಕ್ಷೇಪವಲ್ಲ. ಕಲ್ ಅವರ ಸಮೀಕ್ಷೆಯಲ್ಲಿ ಬುಷ್ ಬೆಂಬಲಿಗರನ್ನು ಮಾತ್ರ ಪ್ರತ್ಯೇಕಿಸಿ ನೋಡಿದಾಗಲೂ ವಾಹಿನಿಯಿಂದ ವಾಹಿನಿಗೆ ವ್ಯತ್ಯಾಸ ಉಳಿದಿತ್ತು. ಆದರೆ ಇನ್ನೂ ಗಟ್ಟಿಯಾದ ಪರೀಕ್ಷೆ ನಡೆದದ್ದು ಉಕ್ರೇನಿನಲ್ಲಿ. ರಷ್ಯಾದ ಗಡಿಗೆ ತಾಗಿದ ಈಶಾನ್ಯ ಉಕ್ರೇನಿನ ಕೆಲವು ಊರುಗಳಿಗೆ ರಷ್ಯಾದ ಟಿ.ವಿ. ಸಂಕೇತ ಗಾಳಿಯಲ್ಲಿ ಚೆನ್ನಾಗಿ ತಲಪುತ್ತಿತ್ತು, ಪಕ್ಕದ ಊರುಗಳಿಗೆ ತಲಪುತ್ತಿರಲಿಲ್ಲ. ಅದನ್ನು ತೀರ್ಮಾನಿಸಿದ್ದು ನೆಲದ ಏರುತಗ್ಗು, ಜನರ ಆಯ್ಕೆಯಲ್ಲ. ಕ್ರೈಮಿಯ ರಷ್ಯಾದ ಕೈಸೇರಿ ಪೂರ್ವದಲ್ಲಿ ಕಾದಾಟ ನಡೆದಿದ್ದ 2014ರ ಚುನಾವಣೆಗಳನ್ನು ಲಿಯೊನಿಡ್ ಪೈಸಾಖಿನ್ ಮತ್ತು ಆರ್ಟುರಾಸ್ ರೋಜೆನಾಸ್ ಈ ದೃಷ್ಟಿಯಿಂದ ಅಭ್ಯಾಸ ಮಾಡಿದರು. ಸಂಕೇತ ತಲಪಿದ ಊರುಗಳಲ್ಲಿ ರಷ್ಯಾ ಪರ ಪಕ್ಷಗಳಿಗೆ ಹೆಚ್ಚು ಮತ ಬಿದ್ದಿತ್ತು. ಮೊದಲೇ ರಷ್ಯಾದತ್ತ ಒಲವಿದ್ದವರಲ್ಲಿ ಪ್ರಭಾವ ಬಲವಾಗಿತ್ತು. ವಿರೋಧವಿದ್ದವರನ್ನು ಅದೇ ಪ್ರಸಾರ ಇನ್ನಷ್ಟು ದೂರ ತಳ್ಳಿತ್ತು. ಅಂದರೆ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಒಲವು ಮೊದಲೇ ಇರುತ್ತದೆ, ಅದನ್ನು ಹಟವಾಗಿಸುವುದು ಪರದೆ.

ಈ ಪ್ರಭಾವ ಶಾಶ್ವತವಲ್ಲ ಎನ್ನುವವರಿಗೂ ಆಧಾರವಿದೆ. 2003ರ ಮಾರ್ಚ್‌ನಲ್ಲಿ ಅಮೆರಿಕನ್ನರಲ್ಲಿ ಶೇ. 70ಕ್ಕೂ ಹೆಚ್ಚು ಮಂದಿ ಯುದ್ಧವನ್ನು ಬೆಂಬಲಿಸಿದ್ದರು. ಐದು ವರ್ಷಗಳ ಬಳಿಕ, ಸತ್ತ ಅಮೆರಿಕನ್ ಸೈನಿಕರ ಸಂಖ್ಯೆ 4,000 ಮುಟ್ಟಿದಾಗ, ಅದು ತಪ್ಪು ನಿರ್ಧಾರ ಎನ್ನುವವರೇ ಹೆಚ್ಚಾಗಿದ್ದರು. ಆದರೆ ಯುದ್ಧಕ್ಕೆ ಬೇಕಾದ ಒಪ್ಪಿಗೆ ಕೆಲವು ವಾರಗಳದ್ದು ಮಾತ್ರ. ಅಷ್ಟು ಕಾಲ ನಂಬಿಕೆ ನಿಂತರೆ ಸಾಕು. ನನ್ನನ್ನು ಕಾಡುವುದು ಇದೇ.

ನಮ್ಮ ದೇಶದ ಮಾತನ್ನು ಆಡದೆ ಮುಗಿಸಲಾರೆ. ಪಾಕಿಸ್ತಾನದೊಡನೆ ಸೇನಾ ಸಂಘರ್ಷ ನಡೆದಿದ್ದ 2025ರ ಮೇ 8ರ ರಾತ್ರಿ ಭಾರತದ ಹಲವು ಸುದ್ದಿವಾಹಿನಿಗಳು ನೌಕಾಪಡೆ ಕರಾಚಿ ಬಂದರಿನ ಮೇಲೆ ದಾಳಿ ನಡೆಸಿದೆ ಎಂದು ಬಿತ್ತರಿಸಿದವು. ಅಂಥದ್ದೇನೂ ನಡೆದಿರಲಿಲ್ಲ. ಸ್ಟುಡಿಯೊಗಳಿಂದ ಸೈರನ್ ಎಷ್ಟು ಮೊಳಗಿತೆಂದರೆ, ಕಾರ್ಯಕ್ರಮಗಳಲ್ಲಿ ವಾಯುದಾಳಿಯ ಸೈರನ್ ಬಳಸಬೇಡಿ, ನಿಜವಾದ ಸೈರನ್ ಕೂಗಿದಾಗ ಜನ ಎಚ್ಚರಗೊಳ್ಳದೆ ಹೋಗಬಹುದು ಎಂದು ಕೇಂದ್ರ ಗೃಹ ಸಚಿವಾಲಯದ ನಾಗರಿಕ ರಕ್ಷಣಾ ವಿಭಾಗವೇ ಸೂಚನೆ ಹೊರಡಿಸಬೇಕಾಯಿತು. ಆ ರಾತ್ರಿ ಟಿ.ವಿ. ಮುಂದೆ ಕೂತಿದ್ದವರಲ್ಲಿ ಗಡಿಯಲ್ಲಿ ಮಗನಿದ್ದ ತಾಯಂದಿರೂ ಇದ್ದರು. ಬಂದರು ಉರಿಯುತ್ತಿದೆ ಎಂದು ನಂಬಿ ಕೂತ ಆ ಗಂಟೆಗಳಿಗೆ ಮರುದಿನದ ಯಾವ ತಿದ್ದುಪಡಿಯೂ ಪರಿಹಾರವಾಗದು.

ಪತ್ರಿಕೋದ್ಯಮ ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಮತ್ತು ವಿಭಾಗದ ಹಿರಿಯರಲ್ಲಿ ನನ್ನದೊಂದು ಕೋರಿಕೆಯಿದೆ. ಅದಕ್ಕೊಂದು ಮಾದರಿಯನ್ನು ಮೊದಲು ಹೇಳುತ್ತೇನೆ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಪಾಲ್ ಸಿಂಪ್ಸನ್ ಎಂಬ ವಿಮಾ ವ್ಯವಹಾರದವರು, ಟಿ.ವಿ. ಸಂಸ್ಥೆಗಳು ತಮ್ಮ ಸಂಜೆಯ ಸುದ್ದಿಯನ್ನು ಸ್ವಲ್ಪ ದಿನದಲ್ಲೇ ಅಳಿಸಿಹಾಕುತ್ತವೆ ಎಂದು ತಿಳಿದು ಕಳವಳಗೊಂಡರು. ತಾವು ಓದಿದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯವನ್ನು ಒಪ್ಪಿಸಿ, 1968ರ ಆಗಸ್ಟ್‌ನಲ್ಲಿ ಆ ಸುದ್ದಿಗಳನ್ನು ಮುದ್ರಿಸಿ ಕಾದಿಡುವ ಕೆಲಸ ಆರಂಭಿಸಿದರು. ಅದು ವಿಯೆಟ್ನಾಂ ಯುದ್ಧದ ಕಾಲ. ಯುದ್ಧದ ವರದಿಗಾರಿಕೆಯನ್ನು ಸಂಶೋಧಕರು ಇಂದಿಗೂ ಅಲ್ಲಿಗೆ ಹೋಗಿ ದಿನವಾರು ನೋಡಬಲ್ಲರು. ಹಾಗೆಯೇ ಕನ್ನಡ ಸುದ್ದಿವಾಹಿನಿಗಳ ಪ್ರತಿದಿನದ ರಾತ್ರಿ ಒಂಬತ್ತರ ಸುದ್ದಿಯನ್ನು, ನಿರೂಪಕರ ಮಾತು, ಪರದೆಯ ಕೆಳಗೆ ಓಡುವ ಸಾಲು, ಚರ್ಚೆಗೆ ಬಂದವರ ಹೆಸರು ಸಮೇತ, ಈ ವಿಭಾಗ ಸಂಗ್ರಹಿಸಲು ಆರಂಭಿಸಲಿ. ಈ ಉಪನ್ಯಾಸವನ್ನು ನಡೆಸುವ ದತ್ತಿನಿಧಿಯ ಬಡ್ಡಿಯಲ್ಲಿ ಒಂದು ಭಾಗವನ್ನು ಅದಕ್ಕೆ ಎತ್ತಿಡಲು ದಾನಿಗಳ ಕುಟುಂಬ ಒಪ್ಪುವುದಾದರೆ, ಇಂದಿನ ಉಪನ್ಯಾಸದ ಸಂಭಾವನೆಯನ್ನೂ ಅದಕ್ಕೇ ಸೇರಿಸಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.