ಡಿಸೆಂಬರ್ 25: ಎರಡು ಬೆಂಕಿ
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ನನ್ನನ್ನು ಕವಿ ಅಂತ ಪರಿಚಯ ಮಾಡಿಕೊಟ್ರು. ಇವತ್ತು ಪದ್ಯ ಓದಲ್ಲ, ಒಂದು ತಾರೀಖು ಓದ್ತೀನಿ.

ನಮ್ಮವ್ವನಿಗೆ ಅಕ್ಷರ ಬರಲ್ಲ. ಆದರೂ ಮನೆ ಗೋಡೆಗೆ ಒಂದು ಕ್ಯಾಲೆಂಡರ್ ಬೇಕೇ ಬೇಕು. ಕೂಲಿಗೆ ಹೋದ ದಿನ ಆ ಚೌಕದೊಳಗೆ ಇದ್ದಿಲಿನಲ್ಲಿ ಒಂದು ಗೀಟು ಎಳೀತಾಳೆ. ವಾರದ ಕೊನೆಗೆ ಹೊಲದವರು ‘ನಾಲ್ಕು ದಿನ’ ಅಂದ್ರೆ ‘ಐದು’ ಅಂತಾಳೆ, ಗೀಟು ಎಣಿಸ್ತಾಳೆ. ತಾರೀಖು ಅಂದ್ರೆ ಏನು ಅಂತ ನಾನು ಮೊದಲು ಕಲಿತದ್ದು ಅವಳ ಹತ್ರ. ಆಮೇಲೆ ಬಿ.ಎ.ಗೆ ಇತಿಹಾಸ ತಗೊಂಡೆ. ನಮ್ಮ ನೋಟ್ಸಿನಲ್ಲಿ 1927 ಅಂದರೆ ಸೈಮನ್ ಆಯೋಗ, ಒಂದು ಮಾರ್ಕು. 1968ಕ್ಕೆ ಏನೂ ಇರಲಿಲ್ಲ.

ಈಗ ನಿಮ್ಮ ಹಾಸ್ಟೆಲಿನ ಕ್ಯಾಲೆಂಡರ್‌ನಲ್ಲಿ ಡಿಸೆಂಬರ್ 25 ನೋಡಿ. ಕೆಂಪು ಅಕ್ಷರ, ಕ್ರಿಸ್ಮಸ್, ರಜೆ. ಕೆಲವು ಕ್ಯಾಲೆಂಡರ್‌ಗಳಲ್ಲಿ ಮದನಮೋಹನ ಮಾಳವೀಯರ ಹುಟ್ಟುಹಬ್ಬ, ವಾಜಪೇಯಿಯವರ ಹುಟ್ಟುಹಬ್ಬ. 2014ರಿಂದ ಸರ್ಕಾರ ಇದೇ ದಿನವನ್ನ ‘ಸುಶಾಸನ ದಿನ’ ಅಂತ ಆಚರಿಸ್ತಿದೆ. ಇರಲಿ. ಯಾರ ಹುಟ್ಟುಹಬ್ಬಕ್ಕೂ ನನ್ನ ತಕರಾರಿಲ್ಲ. ಆ ಚೌಕದಲ್ಲಿ ಜಾಗ ಸಿಗದ ಎರಡು ಬೆಂಕಿಯ ವಿಷಯ ಹೇಳ್ತೀನಿ.

ಮೊದಲನೆಯದು ಮಹಾಡದ ಬೆಂಕಿ. ಮಹಾಡ ಆಗಿನ ಮುಂಬಯಿ ಪ್ರಾಂತ್ಯದ ಕೊಲಾಬಾ ಜಿಲ್ಲೆಯ ಒಂದು ಸಣ್ಣ ಪೇಟೆ. ಅಲ್ಲಿ ಚವದಾರ್ ಅನ್ನೋ ಕೆರೆ. ಸಾರ್ವಜನಿಕ ಕೆರೆಬಾವಿಗಳನ್ನ ಅಸ್ಪೃಶ್ಯರಿಗೂ ಬಿಡಬೇಕು ಅಂತ 1923ರಲ್ಲಿ ಮುಂಬಯಿ ಶಾಸನ ಸಭೆ ಠರಾವು ಮಾಡಿತ್ತು. ಮಹಾಡದ ಪುರಸಭೆಯೂ ಒಪ್ಪಿಕೊಂಡಿತ್ತು. ಕಾಗದದ ಮೇಲೆ ಕೆರೆ ನಮ್ಮದಾಗಿತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದು ಹೋಗಿ ಆ ನೀರು ಕುಡಿದರು. ಅದಕ್ಕೆ ಹೊಡೆತ ಬಿತ್ತು, ತಲೆ ಒಡೆದವು. ಆಮೇಲೆ ಊರಿನವರು ನೂರೆಂಟು ಬಿಂದಿಗೆ ನೀರೆತ್ತಿ, ಅದಕ್ಕೆ ಸಗಣಿ, ಗಂಜಲ, ಹಾಲು, ಮೊಸರು ಬೆರೆಸಿ ಮತ್ತೆ ಕೆರೆಗೇ ಸುರಿದು ಶುದ್ಧ ಮಾಡಿದರು. ನೋಡ್ರಪ್ಪ, ಮನುಷ್ಯನ ಬೊಗಸೆ ಸೋಕಿದ ನೀರಿಗೆ ದನದ ಗಂಜಲ ಔಷಧಿ! ಆಗಸ್ಟಿನಲ್ಲಿ ಪುರಸಭೆ ತನ್ನ ಠರಾವನ್ನೇ ವಾಪಸು ತಗೊಂಡಿತು.

ಡಿಸೆಂಬರ್ 25ಕ್ಕೆ ಎರಡನೇ ಸಲ ಸೇರಿದರು. ಸಭೆಗೆ ಜಾಗ ಕೊಡೋರಿಲ್ಲ. ಫತೇಖಾನ್ ಅನ್ನೋ ಮುಸ್ಲಿಂ ಗೃಹಸ್ಥರು ತಮ್ಮ ಜಮೀನು ಬಿಟ್ಟುಕೊಟ್ಟರು. ಮನುಸ್ಮೃತಿ ಸುಡುವ ಠರಾವು ಮಂಡಿಸಿದವರು ಗಂಗಾಧರ ನೀಲಕಂಠ ಸಹಸ್ರಬುದ್ಧೆ, ಹುಟ್ಟಿನಿಂದ ಬ್ರಾಹ್ಮಣರು. ಅನುಮೋದಿಸಿದವರು ನಮ್ಮವರೇ ಆದ ರಾಜಭೋಜ್. ರಾತ್ರಿ ಒಂಬತ್ತರ ಹೊತ್ತಿಗೆ ನೆಲದಲ್ಲಿ ಒಂದು ಗುಣಿ ತೋಡಿ, ಗಂಧದ ಚಕ್ಕೆ ಹಾಕಿ, ಆ ಪುಸ್ತಕ ಸುಟ್ಟರು. ಯಾರ ಮನೆಗೂ ಕಿಡಿ ಹಾರಲಿಲ್ಲ. ಭಾಷಣ, ಠರಾವು, ಅನುಮೋದನೆ, ಆಮೇಲೆ ಬೆಂಕಿ. ಇಷ್ಟು ಶಿಸ್ತಿನಿಂದ ಹೊತ್ತಿಸಿದ ಬೆಂಕಿ ಈ ದೇಶದಲ್ಲಿ ಕಡಿಮೆ.

ಕೆರೆ ಮುಟ್ಟಬಾರದು ಅಂತ ಅಷ್ಟರಲ್ಲಿ ಎದುರಿನವರು ಕೋರ್ಟಿನಿಂದ ತಡೆಯಾಜ್ಞೆ ತಂದಿದ್ದರು. ಜನ ಜೈಲಿಗೂ ತಯಾರಾಗಿ ಬಂದವರು. ಬಾಬಾಸಾಹೇಬರು ಅವರನ್ನ ಒಪ್ಪಿಸಿ ನೀರು ಮುಟ್ಟೋದನ್ನ ನಿಲ್ಲಿಸಿದರು. ಇದು ಸರಿಯೋ ತಪ್ಪೋ ಅಂತ ನಾನೂ ನನ್ನ ಗೆಳೆಯರೂ ರಾತ್ರಿಯಿಡೀ ಜಗಳ ಆಡಿದ್ದೀವಿ. ಕೋರ್ಟಿನಲ್ಲಿ ಹೋರಾಡ್ತೀವಿ ಅಂದರು, ಹೋರಾಡಿದರು. 1937ರ ಮಾರ್ಚ್ 17ಕ್ಕೆ ಮುಂಬಯಿ ಹೈಕೋರ್ಟು ಬಾಬಾಸಾಹೇಬರ ಪರ ತೀರ್ಪು ಕೊಟ್ಟಿತು. ಒಂದು ಬೊಗಸೆ ನೀರಿಗೆ ಹೆಚ್ಚೂಕಡಿಮೆ ಹತ್ತು ವರ್ಷ.

ಎರಡನೇ ಬೆಂಕಿ ಅದೇ ತಾರೀಖಿನ ರಾತ್ರಿ, ನಲವತ್ತೊಂದು ವರ್ಷ ಆದಮೇಲೆ, 1968ರಲ್ಲಿ. ಅಷ್ಟು ಹೊತ್ತಿಗೆ ಸ್ವಾತಂತ್ರ್ಯ ಬಂದಿತ್ತು, ಬಾಬಾಸಾಹೇಬರು ಬರೆದ ಸಂವಿಧಾನ ಬಂದಿತ್ತು. ತಮಿಳುನಾಡಿನ ತಂಜಾವೂರು ಸೀಮೆ, ಕಾವೇರಿ ಬಯಲು. ನಮ್ಮ ಕೊಡಗಿನಲ್ಲಿ ಹುಟ್ಟುವ ನೀರೇ ಅಲ್ಲಿ ಗದ್ದೆಗೆ ಹೋಗೋದು. ಹೊಸ ಬೀಜ, ಹೊಸ ಗೊಬ್ಬರ ಮೊದಲು ಬಂದ ಜಿಲ್ಲೆಗಳಲ್ಲಿ ಅದೂ ಒಂದು. ಬೆಳೆ ಹೆಚ್ಚಿತು. ಬೆಳೆದ ಕೈ ‘ಅರ್ಧ ಅಳತೆ ಭತ್ತ ಹೆಚ್ಚು ಕೊಡಿ’ ಅಂತು. ಕೆಂಪು ಬಾವುಟದ ಸಂಘ ಕಟ್ಟಿಕೊಂಡಿತು. ಬಾವುಟ ಇಳಿಸಿ ಅಂದರು ಜಮೀನ್ದಾರರು. ಇವರು ಇಳಿಸಲಿಲ್ಲ.

ಆ ಸಂಜೆ ಗಲಾಟೆಯಲ್ಲಿ ಜಮೀನ್ದಾರರ ಕಡೆಯ ಒಬ್ಬ ಸತ್ತ. ಇದನ್ನೂ ಮುಚ್ಚಿಡಬಾರದು. ರಾತ್ರಿ ಕೀಳ್ವೆಣ್ಮಣಿಯ ಕೇರಿಗೆ ಗುಂಪು ನುಗ್ಗಿತು. ಗಂಡಸರಲ್ಲಿ ಓಡುವವರು ಓಡಿದರು. ಓಡಲಾಗದ ಹೆಂಗಸರು, ಮಕ್ಕಳು, ಮುದುಕರು ಒಂದು ಪುಟ್ಟ ಗುಡಿಸಲಿನೊಳಗೆ ಅವಿತುಕೊಂಡರು. ಅದಕ್ಕೆ ಬೆಂಕಿ ಇಟ್ಟರು. ಸತ್ತವರು 44 ಜನ. ಸುಮ್ನೆ ಅಂಕಿ ಅಂದ್ಕೋಬೇಡಿ. ಈ ಕೋಣೆಯಲ್ಲಿ ಈಗ ಎಷ್ಟು ಜನ ಕೂತಿದ್ದೀರಿ ಅಂತ ಒಂದ್ಸಲ ಎಣಿಸಿ ನೋಡಿ.

ಆ ಒಬ್ಬನ ಕೊಲೆಗೆ ಕೂಲಿಗಳಲ್ಲಿ ಕೆಲವರು ಜೈಲಿಗೆ ಹೋದರು. ನಲವತ್ತನಾಲ್ಕು ಜನರ ಸಾವಿಗೆ ಕೆಳಗಿನ ಕೋರ್ಟು 1970ರಲ್ಲಿ ಕೆಲವು ಜಮೀನ್ದಾರರಿಗೆ ಶಿಕ್ಷೆ ಕೊಟ್ಟಿತು. 1973ರಲ್ಲಿ ಮದರಾಸು ಹೈಕೋರ್ಟು ಅವರನ್ನೆಲ್ಲ ಬಿಟ್ಟಿತು. ಇವರು ಬಹಳ ಜಮೀನಿರುವ ಶ್ರೀಮಂತರು, ಒಬ್ಬರಿಗೆ ಕಾರು ಕೂಡ ಇದೆ, ಇಂಥವರು ಆಳುಗಳನ್ನ ಬಿಟ್ಟು ತಾವೇ ನಡೆದು ಬಂದು ಬೆಂಕಿ ಇಟ್ಟರು ಅಂದ್ರೆ ನಂಬೋದು ಕಷ್ಟ ಅನ್ನೋ ಅರ್ಥದ ಮಾತು ಆ ತೀರ್ಪಿನಲ್ಲಿದೆ. ನಾನು ಅದನ್ನ ಓದಿದ ರಾತ್ರಿ ಊಟ ಸೇರಲಿಲ್ಲ. ಕಾರು ಇರೋನ ಕಾಲು ನಡೆಯಲ್ಲ, ಕಾರು ಇಲ್ಲದೋನ ಬಾಯಿ ನಿಜ ಹೇಳಲ್ಲ! ಮಹಾಡದಲ್ಲಿ ಸುಟ್ಟ ಪುಸ್ತಕದ ಒಂದು ಹಾಳೆ ಉಳಿದುಕೊಂಡು, ಹಾರಿ ಬಂದು ಆ ಮೇಜಿನ ಮೇಲೆ ಬಿದ್ದಿತ್ತೋ ಏನೋ.

1937ರಲ್ಲಿ ಗೆದ್ದೆವು, 1973ರಲ್ಲಿ ಸೋತೆವು. ಅಂಕಿ ಕೂಡ ತಿರುಗುಮುರುಗು. ನಮ್ಮ ಕಂಬಾಲಪಲ್ಲಿಯ ತಾರೀಖು ಬೇರೆ, 2000ದ ಮಾರ್ಚ್ 11. ಅಲ್ಲಿ ಸುಟ್ಟದ್ದು ಏಳು ಜನರನ್ನ. 2006ರಲ್ಲಿ ಅಲ್ಲೂ ಆರೋಪಿಗಳೆಲ್ಲ ಬಿಡುಗಡೆ. ಅದರ ಮಾತು ಇನ್ನೊಂದು ಸಭೆಗೆ ಇಟ್ಟುಕೊಳ್ಳೋಣ.

ಹಾಗಾಗಿ ನನ್ನದೊಂದು ಕೇಳಿಕೆ. ಈ ಸಲ ಡಿಸೆಂಬರ್ 25ರ ರಜೆಗೆ ಊರಿಗೆ ಹೋಗದೆ ಉಳಿಯೋರು ರಾತ್ರಿ ಊಟ ಮುಗಿದ ಮೇಲೆ ಮೆಸ್ಸಿನಲ್ಲೇ ಕೂತ್ಕೊಳ್ಳಿ. ಒಬ್ಬರು ಮಹಾಡದ್ದು ಹೇಳಲಿ, ಇನ್ನೊಬ್ಬರು ಕೀಳ್ವೆಣ್ಮಣಿಯದು. ಅಡುಗೆಯವರನ್ನೂ ಕೂರಿಸಿಕೊಳ್ಳಿ, ಪಕ್ಕದ ಹೆಣ್ಣುಮಕ್ಕಳ ಹಾಸ್ಟೆಲಿಗೂ ಹೇಳಿ ಕಳಿಸಿ. ಮಹಾರಾಷ್ಟ್ರದಲ್ಲಿ ಅನೇಕ ಹೆಂಗಸರು ಇದೇ ದಿನವನ್ನ ಸ್ತ್ರೀ ಮುಕ್ತಿ ದಿನ ಅಂತ ಮಾಡ್ತಾರೆ. ಸುಟ್ಟ ಪುಸ್ತಕ ಅವರನ್ನೂ ಬಿಟ್ಟಿರಲಿಲ್ಲವಲ್ಲ. ಊರಿಗೆ ಹೋಗೋರು ಮನೆ ಕ್ಯಾಲೆಂಡರ್‌ನ ಆ ಚೌಕದಲ್ಲಿ ಎರಡು ಗೀಟು ಎಳೆದು ಬನ್ನಿ. ಇದು ಯಾವ ಕೂಲಿ ಲೆಕ್ಕ ಅಂತ ಅವ್ವ ಕೇಳ್ತಾಳೆ, ಒಲೆ ಮುಂದೆ ಕೂತು ಹೇಳಿ.

ಜೈಭೀಮ್.