ಕುರುಹುಗಳನ್ನು ಓದುವ ವಿದ್ಯೆ: ಪವಿತ್ರ ಕುರ್‌ಆನ್‌ನಲ್ಲಿ ನಿಸರ್ಗ

(ಶಾಲೆಯ ಶತಮಾನೋತ್ಸವದ ನಿಮಿತ್ತ ಏರ್ಪಡಿಸಿದ್ದ ಸರ್ವಧರ್ಮ ಉಪನ್ಯಾಸಮಾಲೆಯಲ್ಲಿ ಮುಖ್ಯಾಧ್ಯಾಪಕಿಯರು ಮಾಡಿದ ಭಾಷಣ)



ನೂರು ವರ್ಷಗಳನ್ನು ಪೂರೈಸಿದ ಈ ಶಾಲೆಯ ಅಂಗಳದಲ್ಲಿ ಬೇರೆ ಬೇರೆ ಧರ್ಮಗಳ ಮಕ್ಕಳು ಒಂದೇ ಹಾಸಿನ ಮೇಲೆ ಕುಳಿತು ಅಕ್ಷರ ಕಲಿತಿದ್ದಾರೆ. ಒಂದೇ ಪಂಕ್ತಿಯಲ್ಲಿ ಉಣ್ಣುವ ಮಕ್ಕಳು ಪರಸ್ಪರರ ಧರ್ಮಗ್ರಂಥಗಳ ಸಾರವನ್ನೂ ಅರಿತಿರಬೇಕೆಂಬುದು ಈ ಉಪನ್ಯಾಸಮಾಲೆಯ ಆಶಯ. ನಿಸರ್ಗದ ಕೊಡುಗೆಗಳನ್ನು ಇಸ್ಲಾಂ ಧರ್ಮಗ್ರಂಥವು ದೇವರ ಕುರುಹುಗಳೆಂದು ಹೇಗೆ ಕಾಣುತ್ತದೆ ಎಂಬುದು ಇಂದಿನ ವಿಷಯ. ಧರ್ಮಶಾಸ್ತ್ರದ ವಾದವಿವಾದಗಳನ್ನು ಪಂಡಿತರಿಗೆ ಬಿಟ್ಟು, ಶಿಕ್ಷಕರಾದ ನಾವು ಇದರಿಂದ ಕಲಿಯಬೇಕಾದುದೇನು ಎಂಬುದನ್ನಷ್ಟೇ ತಮ್ಮ ಮುಂದೆ ನಿವೇದಿಸುತ್ತೇವೆ.

ಕುರ್‌ಆನ್‌ನ ಪ್ರತಿಯೊಂದು ವಾಕ್ಯಕ್ಕೂ ಅರಬಿಯಲ್ಲಿ 'ಆಯತ್' ಎಂದು ಹೆಸರು. ಈ ಶಬ್ದಕ್ಕೆ ವಚನ ಎಂಬುದು ಒಂದು ಅರ್ಥ, ಕುರುಹು ಎಂಬುದು ಇನ್ನೊಂದು ಅರ್ಥ. ಗ್ರಂಥದಲ್ಲಿ ಬರೆದ ವಾಕ್ಯವೂ ಆಯತ್, ಆಕಾಶದಿಂದ ಇಳಿಯುವ ಮಳೆಯೂ ಆಯತ್. ಆದ್ದರಿಂದ ಓದಬೇಕಾದ ಗ್ರಂಥಗಳು ಎರಡು: ಒಂದು ಕೈಯಲ್ಲಿರುವುದು, ಇನ್ನೊಂದು ಕಣ್ಣಮುಂದೆ ಹರಡಿಕೊಂಡಿರುವುದು. ಪ್ರವಾದಿ ಮುಹಮ್ಮದರಿಗೆ ಅವತೀರ್ಣವಾದ ಮೊದಲ ಶಬ್ದವೇ 'ಇಕ್ರ', ಅಂದರೆ 'ಓದು' ಎಂಬ ಆಜ್ಞೆ. ಅದರ ಬೆನ್ನಿಗೇ ಲೇಖನಿಯ ಮೂಲಕ ಕಲಿಸಿದವನ ಸ್ತುತಿ ಬರುತ್ತದೆ. ಓದು ಮತ್ತು ಲೇಖನಿಗಳಿಂದ ಆರಂಭವಾದ ಸಂದೇಶವು ಶಾಲೆಯೊಂದಕ್ಕೆ ದೂರದ್ದಾಗಲಾರದು.

ಕುರ್‌ಆನ್‌ನ 114 ಅಧ್ಯಾಯಗಳ ಹೆಸರುಗಳನ್ನೇ ಗಮನಿಸಿರಿ. ಜಾನುವಾರು, ಗುಡುಗು, ಜೇನುನೊಣ, ಇರುವೆ, ಜೇಡ, ನಕ್ಷತ್ರ, ಚಂದ್ರ, ಸೂರ್ಯ, ಅಂಜೂರ ಇವೆಲ್ಲವೂ ಅಲ್ಲಿ ಅಧ್ಯಾಯಗಳ ಶೀರ್ಷಿಕೆಗಳಾಗಿವೆ. ಜೇನುನೊಣದ ಹೆಸರಿನ 16ನೆಯ ಅಧ್ಯಾಯವು ಬೆಟ್ಟದಲ್ಲಿಯೂ ಮರದಲ್ಲಿಯೂ ಮನೆ ಕಟ್ಟುವ ಆ ಪುಟ್ಟ ಜೀವಿಯನ್ನು, ಅದರ ಒಡಲಿನಿಂದ ಬರುವ ಬಗೆಬಗೆಯ ಬಣ್ಣದ ಪೇಯವನ್ನು, ಅದರಲ್ಲಿರುವ ಔಷಧಗುಣವನ್ನು ನೆನೆಯುತ್ತದೆ. ಸಗಣಿ ಮತ್ತು ರಕ್ತಗಳ ನಡುವಿನಿಂದ ಶುಭ್ರವಾದ ಹಾಲು ಹೊರಬರುವ ಸೋಜಿಗವನ್ನೂ ಅದೇ ಅಧ್ಯಾಯ ಎತ್ತಿ ತೋರಿಸುತ್ತದೆ. ನಸುಕಿನಲ್ಲಿ ಹಾಲಿನ ಕ್ಯಾನು ಹಿಡಿದು ಡೇರಿಯ ಮುಂದೆ ನಿಲ್ಲುವ ನಮ್ಮೂರಿನ ತಾಯಂದಿರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ನಿತ್ಯ ಕಾಣುವುದರಿಂದಲೇ ನಾವು ಮರೆತಿರುವ ಸೋಜಿಗವದು.

13ನೆಯ ಅಧ್ಯಾಯದಲ್ಲಿ ರೈತನ ಮನಸ್ಸಿಗೆ ನೇರವಾಗಿ ತಟ್ಟುವ ಒಂದು ವಿಚಾರವಿದೆ. ಒಂದಕ್ಕೊಂದು ಹೊಂದಿಕೊಂಡ ಹೊಲಗಳಿವೆ, ದ್ರಾಕ್ಷಿಯ ತೋಟಗಳಿವೆ, ಪೈರುಗಳಿವೆ, ಖರ್ಜೂರದ ಮರಗಳಿವೆ. ಎಲ್ಲಕ್ಕೂ ಉಣಿಸುವ ನೀರು ಒಂದೇ, ಆದರೆ ರುಚಿ ಮಾತ್ರ ಬೇರೆ ಬೇರೆ. ವಿಚಾರವಂತರಿಗೆ ಇದರಲ್ಲಿ ಕುರುಹುಗಳಿವೆ ಎಂಬುದು ಅದರ ತಾತ್ಪರ್ಯ. ಖರ್ಜೂರ ನಮ್ಮ ಬೆಳೆಯಲ್ಲ. ಆದರೆ ಕೃಷ್ಣೆಯ ನೀರೊಂದೇ ಕಬ್ಬಿನಲ್ಲಿ ಸಿಹಿಯಾಗುವುದನ್ನು, ಮೆಣಸಿನಕಾಯಿಯಲ್ಲಿ ಖಾರವಾಗುವುದನ್ನು, ಕೃಷ್ಣಾತೀರದ ಹೆಸರುವಾಸಿ ಬದನೆಯಲ್ಲಿ ಮತ್ತೊಂದು ರುಚಿಯಾಗುವುದನ್ನು ಉದಗಾಂವದ ಯಾವ ಮಗುವೂ ಬಲ್ಲದು. ಮರುಭೂಮಿಯ ನಾಡಿನಲ್ಲಿ ನುಡಿದ ಮಾತಿಗೆ ನಮ್ಮ ಹೊಲದ ಬದುವಿನ ಮೇಲೆಯೇ ಸಾಕ್ಷಿ ದೊರೆಯುತ್ತದೆ.

ಇಲ್ಲಿ ಒಂದು ಸೂಕ್ಷ್ಮವನ್ನು ತಿಳಿಯುವುದು ಅವಶ್ಯ. ಇಸ್ಲಾಮಿನಲ್ಲಿ ನಿಸರ್ಗವು ದೇವರ ಕುರುಹು, ಸ್ವತಃ ದೇವರಲ್ಲ. ಸೂರ್ಯಚಂದ್ರರಿಗೆ ಸಾಷ್ಟಾಂಗವೆರಗದೆ ಅವುಗಳನ್ನು ಸೃಷ್ಟಿಸಿದವನಿಗೆ ಎರಗಿರಿ ಎಂಬುದು 41ನೆಯ ಅಧ್ಯಾಯದ ಆದೇಶ. ನಮ್ಮ ನೆರೆಯಲ್ಲಿ, ಕೃಷ್ಣಾ ಪಂಚಗಂಗೆಯರ ಸಂಗಮವಾದ ನರಸೋಬಾವಾಡಿಯಲ್ಲಿ, ನೀರು ಏರಿ ದತ್ತಪಾದುಕೆಗಳ ಮೇಲೆ ಹರಿದಾಗ ಭಕ್ತರು ದಕ್ಷಿಣದ್ವಾರದ ಪುಣ್ಯಸ್ನಾನ ಮಾಡುತ್ತಾರೆ. ಜೈನ ಬಂಧುಗಳು ನೀರಿನಲ್ಲಿರುವ ಸೂಕ್ಷ್ಮ ಜೀವಿಗೂ ನೋವಾಗಬಾರದೆಂದು ಅದನ್ನು ಅರಿವೆಯಲ್ಲಿ ಸೋಸಿ ಕುಡಿಯುತ್ತಾರೆ. ಮಳೆ ಕೈಕೊಟ್ಟ ವರ್ಷ ಕನ್ನಡ ನಾಡಿನ ಹಳ್ಳಿಗಳಲ್ಲಿ ಒಂದೆಡೆ ಗುರ್ಜಿಯನ್ನು ಹೊತ್ತು ಮನೆಮನೆಗೆ ಹೋಗುತ್ತಾರೆ, ಇನ್ನೊಂದೆಡೆ ಮುಸಲ್ಮಾನ ಬಾಂಧವರು ಬಯಲಿನಲ್ಲಿ ನೆರೆದು ವಿಶೇಷ ನಮಾಜು ಸಲ್ಲಿಸುತ್ತಾರೆ. ತತ್ತ್ವಗಳು ಭಿನ್ನವಾಗಿವೆ, ಆ ಭಿನ್ನತೆಯನ್ನು ನಾವು ಮರೆಮಾಚಬೇಕಾಗಿಲ್ಲ. ಆದರೆ ನೀರು ತನ್ನ ಸೊತ್ತಲ್ಲ, ಬಂದ ಕೊಡುಗೆ ಎಂಬ ವಿನಯ ಎಲ್ಲರಲ್ಲಿಯೂ ಇದೆ.

ಕೊಡುಗೆಯೆಂದ ಮೇಲೆ ಅದಕ್ಕೆ ಹೊಣೆಯೂ ಉಂಟು. 55ನೆಯ ಅಧ್ಯಾಯವಾದ 'ಅರ್ರಹ್ಮಾನ್' ದೇವರ ಯಾವ ಅನುಗ್ರಹವನ್ನು ನೀವು ಅಲ್ಲಗಳೆಯುವಿರಿ ಎಂಬರ್ಥದ ಪ್ರಶ್ನೆಯನ್ನು 31 ಸಲ ಕೇಳುತ್ತದೆ. ಅದೇ ಅಧ್ಯಾಯದ ಆರಂಭದಲ್ಲಿ ದೇವರು ಆಕಾಶವನ್ನು ಎತ್ತಿ ನಿಲ್ಲಿಸಿ ತಕ್ಕಡಿಯನ್ನು ಸ್ಥಾಪಿಸಿದನೆಂದೂ ಮನುಷ್ಯನು ಆ ತೂಕವನ್ನು ಮೀರಬಾರದೆಂದೂ ಹೇಳಿದೆ. ಆ ಪ್ರಶ್ನೆ ಮೊದಲ ಸಲ ಬರುವುದಕ್ಕಿಂತ ಮುಂಚೆಯೇ ತಕ್ಕಡಿ ಬಂದಿರುವುದು ಮನನೀಯ.

ನಮ್ಮ ಶಿರೋಳ ತಾಲೂಕಿನ ನೆಲದಲ್ಲಿ ಆ ತಕ್ಕಡಿ ವಾಲಿದೆ. ಕಬ್ಬಿಗೆ ಮಿತಿಮೀರಿ ನೀರುಣಿಸಿದುದರಿಂದ, ಬಸಿದು ಹೋಗಲು ಹಾದಿಯಿಲ್ಲದ ಕಪ್ಪು ಮಣ್ಣಿನಲ್ಲಿ ನೀರಿನ ಮಟ್ಟ ಮೇಲೇರಿದೆ. ಅದರೊಡನೆ ಉಪ್ಪೂ ಮೇಲೆ ಬಂದು, ನೀರು ಆರಿದ ಮೇಲೆ ಬಿಳಿಯ ಪೊರೆಯಾಗಿ ನಿಂತಿದೆ. ಒಂದು ಕಾಲಕ್ಕೆ ಬಂಗಾರದಂತಹ ಬೆಳೆ ಕೊಟ್ಟ ಹೊಲಗಳು ಸವಳುಭೂಮಿಯಾಗಿವೆ. ಈಗ ನೆಲದಡಿಯಲ್ಲಿ ತೂತುಗಳುಳ್ಳ ಕೊಳವೆಗಳನ್ನು ಹೂಳಿ, ಉಪ್ಪುನೀರನ್ನು ಬಸಿದು ಹೊರಹಾಕಿ, ನೆಲವನ್ನು ಮರಳಿ ಪಡೆಯುವ ಪ್ರಯತ್ನಗಳು ನಡೆದಿವೆ. ನೆಲಜಲಗಳಲ್ಲಿ ಕಾಣುವ ಕೆಡುಕು ಮನುಷ್ಯರ ಕೈಗಳೇ ಗಳಿಸಿದ್ದು ಎಂದು 30ನೆಯ ಅಧ್ಯಾಯ ಎಚ್ಚರಿಸುತ್ತದೆ. ಹರಿಯುವ ನದಿಯ ದಂಡೆಯಲ್ಲಿ ವುಜೂ ಮಾಡುವಾಗಲೂ ನೀರನ್ನು ಪೋಲು ಮಾಡಬಾರದೆಂಬ ಪ್ರವಾದಿಯವರ ಉಪದೇಶ ಹದೀಸ್ ಸಂಗ್ರಹದಲ್ಲಿ ಬಂದಿದೆ. ನದಿ ತುಂಬಿ ಹರಿಯುತ್ತಿದೆ ಎಂಬುದು ಪೋಲು ಮಾಡಲು ಪರವಾನಿಗೆಯಾಗದು ಎಂಬ ಈ ಮಾತು ನದಿತೀರದವರಾದ ನಮಗಾಗಿಯೇ ಹೇಳಿದಂತಿದೆ.

ನೀರಿನ ಇನ್ನೊಂದು ಮುಖವನ್ನು 2019ರ ಆಗಸ್ಟ್ ತಿಂಗಳಿನಲ್ಲಿ ಮತ್ತು 2021ರ ಜುಲೈ ತಿಂಗಳಿನಲ್ಲಿ ನಾವೆಲ್ಲರೂ ಕಂಡೆವು. ಕೃಷ್ಣೆ, ಪಂಚಗಂಗೆಯರು ದಂಡೆ ಮೀರಿದಾಗ ಈ ತಾಲೂಕಿನ ಊರೂರುಗಳನ್ನು ನೀರು ಸುತ್ತುವರಿಯಿತು, ಜನರೂ ಜಾನುವಾರುಗಳೂ ಮನೆ ಬಿಟ್ಟು ಹೊರಡಬೇಕಾಯಿತು. ಮಿಂಚು ಭಯವನ್ನೂ ಆಸೆಯನ್ನೂ ಒಟ್ಟಿಗೇ ಹುಟ್ಟಿಸುವ ಕುರುಹು ಎಂದು ಕುರ್‌ಆನ್ ಹೇಳುವುದರ ಅರ್ಥ ಅಂದು ಮನದಟ್ಟಾಯಿತು. ಮಹಾಪೂರದಲ್ಲಿ ಮನೆ ಕಳೆದುಕೊಂಡವರ ಮುಂದೆ ಇದು ದೇವರ ಶಿಕ್ಷೆಯೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಕುರುಹು ಎಂಬುದು ನೊಂದವರ ಮೇಲೆ ಹೊರಿಸುವ ತೀರ್ಪಲ್ಲ. ಉಳಿದವರನ್ನು ವಿಚಾರಕ್ಕೂ ನೆರವಿಗೂ ಎಬ್ಬಿಸುವ ಕರೆ ಅದು.

ಈ ಹೊಣೆಯನ್ನು ಕಟ್ಟಡದಲ್ಲಿ ಮೂಡಿಸಿದ ಪರಂಪರೆಯೂ ನಮ್ಮ ಸೀಮೆಯಲ್ಲಿದೆ. ಆದಿಲಶಾಹಿಯ ರಾಜಧಾನಿಯಾಗಿದ್ದ ವಿಜಯಪುರದಲ್ಲಿ 1579ರಲ್ಲಿ ಚಾಂದ್ ಬಾವಡಿಯನ್ನೂ 1620ರಲ್ಲಿ ತಾಜ್ ಬಾವಡಿಯನ್ನೂ ಕಟ್ಟಿಸಿದರು. ತೊರವಿಯ ಕಡೆಯಿಂದ ನೆಲದಡಿಯ ಸುರಂಗದ ಮೂಲಕ ಆ ಬರಡು ಸೀಮೆಯ ನಗರಕ್ಕೆ ನೀರು ತಂದರು. ಗೋಳಗುಮ್ಮಟ ನೋಡಲು ಶೈಕ್ಷಣಿಕ ಪ್ರವಾಸ ಹೋಗುವ ನಮ್ಮ ಮಕ್ಕಳು ಈ ಬಾವಡಿಗಳ ಮುಂದೆಯೂ ನಿಂತು ನೋಡಬೇಕು. ಸಸಿ ನೆಟ್ಟವನ ಗಿಡದಿಂದ ಮನುಷ್ಯನೋ ಪಕ್ಷಿಯೋ ಪಶುವೋ ತಿಂದರೆ ಅದು ಅವನ ದಾನವಾಗಿ ಎಣಿಕೆಯಾಗುತ್ತದೆ ಎಂಬ ಪ್ರವಾದಿಯವರ ಮಾತಿಗೂ, ದಾರಿಹೋಕರಿಗೆ ನೀರಿನ ಆಸರೆ ಮಾಡಿಕೊಟ್ಟ ಈ ಕೆಲಸಗಳಿಗೂ ಒಂದೇ ಬೇರು.

ಇನ್ನು ಕೊನೆಯ ಮಾತು. ಈ ಶಾಲೆಗೆ ಅತ್ಯಂತ ಹತ್ತಿರದ ಮಾತೂ ಅದೇ. 30ನೆಯ ಅಧ್ಯಾಯದಲ್ಲಿ ದೇವರ ಕುರುಹುಗಳ ಒಂದು ಸಾಲು ಬರುತ್ತದೆ. ಮಣ್ಣಿನಿಂದ ಮನುಷ್ಯನ ಸೃಷ್ಟಿ, ದಂಪತಿಗಳ ನಡುವಿನ ಪ್ರೀತಿ ಮತ್ತು ಕರುಣೆ, ರಾತ್ರಿಯ ನಿದ್ರೆ, ಸತ್ತ ನೆಲವನ್ನು ಬದುಕಿಸುವ ಮಳೆ. ಈ ಸಾಲಿನಲ್ಲಿಯೇ, ಆಕಾಶ ಮತ್ತು ಭೂಮಿಗಳ ಸೃಷ್ಟಿಯ ಜೊತೆಯಲ್ಲಿ, ಮನುಷ್ಯರ ಭಾಷೆಗಳು ಮತ್ತು ಬಣ್ಣಗಳು ಬೇರೆ ಬೇರೆಯಾಗಿರುವುದೂ ಒಂದು ಕುರುಹೆಂದು ಹೇಳಿದೆ. ಭಾಷೆಗಳ ವೈವಿಧ್ಯಕ್ಕೆ ಮಳೆಯ ಸಾಲಿನಲ್ಲಿಯೇ ಸ್ಥಾನವಿದೆ! ಮರಾಠಿಯ ನೆಲದಲ್ಲಿ ಮರಾಠಿಯನ್ನು ಪ್ರೀತಿಯಿಂದ ಕಲಿಯುತ್ತ, ಮನೆಯ ಕನ್ನಡವನ್ನು ಶಾಲೆಯ ಕನ್ನಡವಾಗಿ ಬೆಳೆಸಿಕೊಂಡು ಬಂದ ಗಡಿನಾಡಿನವರಿಗೆ ಇದಕ್ಕಿಂತ ದೊಡ್ಡ ಸಮಾಧಾನ ಯಾವುದು? ಶಿಶುನಾಳ ಶರೀಫರು (1819–1889) ಮುಸಲ್ಮಾನ ಕುಟುಂಬದಲ್ಲಿ ಹುಟ್ಟಿ, ಕಳಸದ ಗೋವಿಂದಭಟ್ಟರ ಶಿಷ್ಯರಾಗಿ, ಕೆಲಕಾಲ ಕನ್ನಡ ಶಾಲೆಯ ಮಾಸ್ತರರೂ ಆಗಿದ್ದವರು. ಮನೆ, ಮಾಳಿಗೆ, ಕೋಳಿ, ಹೊಲಗಳಂತಹ ದಿನನಿತ್ಯದ ವಸ್ತುಗಳಲ್ಲಿ ಅವರು ಪರತತ್ತ್ವದ ಕುರುಹನ್ನು ಓದಿದರು, ಓದಿದ್ದನ್ನು ನಮ್ಮ ಈ ಆಡುಗನ್ನಡದಲ್ಲಿಯೇ ಹಾಡಿದರು.

ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಪಟಸಂಖ್ಯೆ ಕುಗ್ಗುತ್ತಿರುವುದು ತಮಗೆಲ್ಲ ತಿಳಿದ ಸಂಗತಿ. ಮಕ್ಕಳ ಭವಿಷ್ಯದ ಚಿಂತೆಯಿಂದ ಬೇರೆ ಮಾಧ್ಯಮ ಆರಿಸುವ ಪಾಲಕರನ್ನು ನಾವು ದೂಷಿಸುವುದಿಲ್ಲ. ನಮ್ಮ ವಿನಂತಿ ಇಷ್ಟೇ: ಹೊಲದ ಹುಳು, ಹುಲ್ಲು, ಮಣ್ಣು, ಮಳೆಗಳಿಗೆ ಅಜ್ಜಿ ಇಟ್ಟ ಹೆಸರುಗಳನ್ನು ಮಗು ಮರೆತರೆ, ಭಾಷೆಯೆಂಬ ಕುರುಹಿನೊಂದಿಗೆ ಅದು ತೋರಿಸುತ್ತಿದ್ದ ನೂರು ಕುರುಹುಗಳೂ ಕಣ್ಮರೆಯಾಗುತ್ತವೆ. ಎರಡನೆಯ ಶತಮಾನಕ್ಕೆ ಕಾಲಿಡುವ ಈ ಶಾಲೆಗೆ ತಮ್ಮ ಮಕ್ಕಳನ್ನು ಕಳುಹಿಸಿರಿ. ನೀರನ್ನು ಮಿತವಾಗಿ ಬಳಸುವ, ನೆಟ್ಟ ಸಸಿಯನ್ನು ಕಾಯುವ, ನೆರೆಯವನ ನಂಬಿಕೆಯನ್ನು ಗೌರವದಿಂದ ಅರಿಯುವ ಓದನ್ನು ಅವರಿಗೆ ಕಲಿಸುವ ಹೊಣೆ ನಮ್ಮದು.